ಅತ್ತೆ ಬಿಟ್ಟುಕೊಟ್ಟ ಹೂಳು

ಆ ವರ್ಷ ಸಂಕ್ರಾಂತಿ ಕಳೆದ ವಾರವೇ ಅತ್ತೆಯ ಬಾವಿಯಲ್ಲಿ ಬಿಂದಿಗೆ ತಳದ ಕೆಸರಿಗೆ ತಾಗಿತು. ಅತ್ತೆ ಎಂದರೆ ನಮ್ಮ ತಂದೆಯ ಅಕ್ಕ. ಚಾಮರಾಜಪುರಂನಿಂದ ದಕ್ಷಿಣಕ್ಕೆ, ಸಣ್ಣ ಕೆರೆಯೊಂದರ ಏರಿಯ ಕೆಳಗೆ ಅವರ ಮಲ್ಲಿಗೆ ತೋಟವಿತ್ತು. ಗಂಡ ತೀರಿಕೊಂಡ ಮೇಲೆ ಆ ಹೂವಿನಿಂದಲೇ ಅವರ ಜೀವನ. ಕೆರೆಯಲ್ಲಿ ನೀರು ನಿಂತರೆ ಬಾವಿಗೆ ಒರತೆ, ಕೆರೆ ಒಣಗಿದರೆ ಬಾವಿಯೂ ಒಣಗುತ್ತಿತ್ತು.

"ಇನ್ನೊಂದು ಬೇಸಿಗೆ ಹೀಗೇ ಆದ್ರೆ ತೋಟ ಬಿಟ್ಟು ನಮ್ಮನೆಗೆ ಬಂದ್ಬುಡಕ್ಕ" ಎಂದರು ಅಪ್ಪ.

"ಬರಬಹುದು ಕಣೋ. ನಿನ್ನ ಹೆಂಡತಿ ಸಾರಿಗೆ ಉಪ್ಪು ಹಾಕೋದು ಕಲಿತ ಮೇಲೆ ಹೇಳಿಕಳಿಸು" ಎಂದು ಅತ್ತೆ ನಕ್ಕರು. ಅವರ ಕಣ್ಣು ಮಾತ್ರ ಗಿಡಗಳ ಮೇಲೇ ಇತ್ತು.

ಫೆಬ್ರವರಿಯಲ್ಲಿ ನಾಲ್ಕು ಬೀದಿಯವರು ಸೇರಿ ಕೆರೆಯ ಹೂಳೆತ್ತುವುದೆಂದು ತೀರ್ಮಾನವಾಯಿತು. ದಿನ ಗೊತ್ತು ಮಾಡುವುದೇ ದೊಡ್ಡ ಕೆಲಸವಾಯಿತು. ಸೋಮವಾರ ಬಸವನ ದಿನ, ನಮ್ಮವರು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಭಾನುವಾರ ಪಕ್ಕದ ಬೀದಿಯ ಕ್ರೈಸ್ತರು ದೇವಾಲಯಕ್ಕೆ ಹೋಗಬೇಕು. ಮಿಕ್ಕ ದಿನ ಎಲ್ಲರಿಗೂ ಹೊಟ್ಟೆಪಾಡು. ಕೊನೆಗೆ ಆ ಬೀದಿಯ ಗಾರೆ ಮೇಸ್ತ್ರಿಯೊಬ್ಬರು ದಾರಿ ತೋರಿಸಿದರು.

"ಭಾನುವಾರ ಕೂಲಿ ಕೆಲಸ ಬ್ಯಾಡ ಅಂತಾರೆ ನಮ್ಮ ಗುರುಗಳು. ನೀರಿನ ಕೆಲಸಕ್ಕೆ ಅಪ್ಪಣೆ ಕೊಟ್ಟವ್ರೆ. ಪೂಜೆ ಮುಗಿಸ್ಕೊಂಡು ಬಂದ್ಬುಡ್ತೀವಿ ಕಣ್ರೀ. ಎತ್ತು ನಿಮ್ದು, ಬೆನ್ನು ನಮ್ದು."

ಎತ್ತಿದವರಿಗೇ ಹೂಳು ಎಂಬುದು ಹಳೆಯ ಪದ್ಧತಿ. ಕೆರೆಯ ಕಪ್ಪು ಮಣ್ಣು ಬಿದ್ದರೆ ಗಿಡ ಎರಡು ವರ್ಷ ಸೊಕ್ಕಿ ಬೆಳೆಯುತ್ತದೆ. ಹಾಗಾಗಿ ಜನಕ್ಕೆ ಕೊರತೆಯಾಗಲಿಲ್ಲ. ಆಗ ನನಗೆ ಎಲ್ಲವನ್ನೂ ಎಣಿಸಿ ತಾರೀಖು ಹಾಕಿ ಬರೆದಿಡುವ ರೂಢಿ. ಏರಿಯ ಮೇಲೆ ಕೂತು, ಮಂಕರಿ ಬುಟ್ಟಿಗೊಂದು ಗೀಟಿನಂತೆ ಪ್ರತಿ ಮನೆಯ ಲೆಕ್ಕ ಹಿಡಿದೆ. ಅತ್ತೆ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಯುಗಾದಿಯ ಹೊತ್ತಿಗೆ ಅವರ ತೋಟದ ಪಕ್ಕದಲ್ಲಿ ಆಳೆತ್ತರದ ಹೂಳಿನ ಗುಡ್ಡೆ ಎದ್ದಿತ್ತು. ಕೆರೆಯೂ ಒಳ್ಳೆಯ ಆಳವಾಯಿತು.

ಏಪ್ರಿಲ್‌ನಲ್ಲಿ ಮೊದಲ ದೊಡ್ಡ ಮಳೆ ಬಿತ್ತು. ನಿಂತ ಕೂಡಲೇ ಎಲ್ಲರೂ ಏರಿಗೆ ಓಡಿದೆವು. ಕೆರೆಯ ನಡುವೆ ಎಮ್ಮೆ ಮಲಗುವಷ್ಟೇ ನೀರು. ಚಾಮುಂಡಿ ಬೆಟ್ಟದ ಕಡೆಯಿಂದ ಕೆರೆಗೆ ನೀರು ತರುವ ಕಾಲುವೆ ಕಲ್ಲು, ಗರಸು, ಲಂಟಾನದಿಂದ ಮುಚ್ಚಿಹೋಗಿತ್ತು. ಮೊದಲ ತಿರುವಿನಲ್ಲೇ ನೀರು ದಡ ಒಡೆದು ರಸ್ತೆಗೆ ಹರಿದಿತ್ತು. ಅಲ್ಲಿಂದ ಮನೆಗೆ ಹೊತ್ತೊಯ್ಯುವಂಥದ್ದು ಏನೂ ಇರಲಿಲ್ಲವಾದ್ದರಿಂದ ಅಷ್ಟು ವಾರಗಳಲ್ಲಿ ಯಾರೂ ಆ ಕಡೆ ಸಲಿಕೆ ಹಾಕಿರಲಿಲ್ಲ.

"ಹಂಡೆ ಬೆಳಗಿ ಇಟ್ಟಿದೀವಿ, ತುಂಬೋರು ಯಾರಪ್ಪ?" ಎಂದರು ಮೇಸ್ತ್ರಿ.

"ಕಾಲುವೆ ಕಲ್ಲು ಹೊತ್ಕೊಂಡೋಗಿ ಹುಳಿ ಮಾಡ್ಲಾ?" ಎಂದ ಹಾಲಿನವನು. ಎಲ್ಲರೂ ನಕ್ಕು ಮನೆಗೆ ಹೋದರು.

ಮುಂದಿನ ಭಾನುವಾರ ಕಾಲುವೆಯ ಹತ್ತಿರ ಬಂದವರು, ನಾನೂ ಸೇರಿ, ನಾಲ್ಕೇ ಜನ. ಅತ್ತೆ ಬಂದು ಸ್ವಲ್ಪ ಹೊತ್ತು ನಿಂತರು. ಆಮೇಲೆ ಮೇಸ್ತ್ರಿಯನ್ನು ಕರೆದು, "ಬೀದಿಗಳಲ್ಲಿ ಹೇಳಿಬುಡಪ್ಪ. ಕಾಲುವೆಯಿಂದ ಒಂದು ಮಂಕರಿ ಕಲ್ಲು ಎತ್ತಿದೋರಿಗೆ ನನ್ನ ಗುಡ್ಡೆಯಿಂದ ಒಂದು ಮಂಕರಿ ಹೂಳು" ಎಂದರು.

"ಅಕ್ಕಾವ್ರೇ, ಗಿಡದ ಬುಡಕ್ಕೆ ಏನು ಹಾಕ್ತೀರಿ?"

"ನೀರು. ಅದಿಲ್ದೆ ಈ ಹೂಳಿಟ್ಕೊಂಡು ಗೋಡೆ ಸಾರಿಸ್ಲಾ?"

ಅದರ ಮುಂದಿನ ವಾರದಿಂದ ಕಾಲುವೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೆಲವರು ನಾಚಿಕೊಂಡು ತಮ್ಮ ಪಾಲಿನ ಹೂಳು ಬೇಡವೆಂದರು. ಹಾಲಿನವನು ಎಲ್ಲರಿಗಿಂತ ಹೆಚ್ಚು ಕಲ್ಲು ಹೊತ್ತ, ಒಂದು ಮಂಕರಿ ಹೂಳನ್ನೂ ಬಿಡಲಿಲ್ಲ. "ಲೆಕ್ಕ ಸರಿಯಾಗಿ ಬರ್ಕೊ ಸ್ವಾಮಿ" ಎಂದು ನನ್ನನ್ನು ಎರಡೆರಡು ಸಲ ಎಚ್ಚರಿಸಿದ. ತೆಗೆದ ಕಲ್ಲನ್ನೇ ಮೇಸ್ತ್ರಿ ತಿರುವಿನ ದಡಕ್ಕೆ ಒತ್ತಾಗಿ ಜೋಡಿಸಿದರು. ಮಣ್ಣು ಕೊಚ್ಚಿ ಬರದಂತೆ ಅಂಚಿನ ಗರಿಕೆಯನ್ನು ಹಾಗೇ ಬಿಟ್ಟೆವು. ಆಡುಗಳು ಅದನ್ನು ಮೇಯದಂತೆ ಮನೆಮನೆಯವರು ಸರದಿಯ ಮೇಲೆ ಕಾದರು. ಅತ್ತೆಯ ಗುಡ್ಡೆ ಕರಗಿ ನೆಲ ಕಂಡಿತು.

ಜೂನ್ ಎರಡನೆಯ ವಾರ ಮಳೆ ಹಿಡಿಯಿತು. ಕೆಂಪು ನೀರು ಬೆಟ್ಟದ ಕಡೆಯಿಂದ ಬಂದು, ತಿರುವಿನಲ್ಲಿ ಒಮ್ಮೆ ಮೇಲೆದ್ದು, ಕಲ್ಲಿಗೆ ಮೈಯುಜ್ಜಿಕೊಂಡು ಕೆರೆಯ ಕಡೆಗೆ ಹೊರಳಿತು. ಕೊಡೆ ಹಿಡಿದಿದ್ದವರೂ ಕೊಡೆ ಮರೆತು ನೆನೆದರು. ಕೆರೆ ತುಂಬಲಿಲ್ಲ, ಅರ್ಧಕ್ಕೆ ಬಂತು. ಜುಲೈನಲ್ಲಿ ಬಾವಿಯ ಒಂದೊಂದೇ ಮೆಟ್ಟಿಲು ಮುಳುಗುತ್ತ ಬಂತು.

ಆಷಾಢದ ಒಂದು ಸಂಜೆ ಅಪ್ಪನೂ ನಾನೂ ತೋಟಕ್ಕೆ ಹೋದೆವು. ಅತ್ತೆಯನ್ನು ಮನೆಗೆ ಕರೆತರುವ ಮಾತನ್ನು ಅಪ್ಪ ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡಿದ್ದರು. ಹೂಳಿಲ್ಲದ ಹಳೆಯ ಗಿಡಗಳು ಸೊರಗಿದ್ದವು. ಅತ್ತೆ ಅವುಗಳ ಪಕ್ಕದಲ್ಲಿ ಬಗ್ಗಿ ಹೊಸ ಮಲ್ಲಿಗೆ ಕಡ್ಡಿಗಳನ್ನು ಸಾಲಾಗಿ ಊರುತ್ತಿದ್ದರು.

"ಇವು ಹೂ ಬಿಡೋಕೆ ಇನ್ನೂ ಎರಡು ವರ್ಷ ಬೇಕಲ್ಲಕ್ಕ" ಎಂದರು ಅಪ್ಪ.

"ಹೂಂ. ಬೇಕು" ಎಂದರು ಅತ್ತೆ, ತಲೆ ಎತ್ತದೆ.

ಅಪ್ಪ ಪಂಚೆ ಮೇಲೆ ಕಟ್ಟಿಕೊಂಡು ಬಾವಿಗಿಳಿದು ಹೊಸ ಕಡ್ಡಿಗಳಿಗೆ ಒಂದು ಬಿಂದಿಗೆ ನೀರು ತಂದರು.