ಅರ್ಧ ಗುಡಿಸಿದ ಅಂಗಳ

೧೯೪೧ರಲ್ಲಿ ನಾನು ಕುಷ್ಟಗಿಯ ಹೊರಗಿದ್ದ ಒಂದು ಮಿಷನ್ ಪ್ರಾಥಮಿಕ ಶಾಲೆಯಲ್ಲಿ ಆಯಾ ಆಗಿದ್ದೆ. ಆಗ ನಮ್ಮದು ನಿಜಾಮರ ರಾಜ್ಯ. ಆಯಾ ಎಂಬುದು ಹಾಜರಿ ಪುಸ್ತಕದಲ್ಲಿ ಬರೆದ ಹೆಸರು. ಕೆಲಸವೆಂದರೆ ಕಸ ಗುಡಿಸುವುದು, ನೀರು ತುಂಬುವುದು, ಗಂಟೆ ಹೊಡೆಯುವುದು, ಸಣ್ಣ ಮಕ್ಕಳನ್ನು ಹೊರಕಡೆಗೆ ಕರೆದೊಯ್ಯುವುದು. ಗಂಡ ಸತ್ತು ಐದು ವರ್ಷವಾಗಿತ್ತು. ಮಕ್ಕಳಿಲ್ಲ. ಪಗಾರ ಸಣ್ಣದು, ಆದರೆ ಶಾಲೆಯ ಹಿಂದೆ ಇರಲು ಒಂದು ಕೋಣೆ ಕೊಟ್ಟಿದ್ದರು. ಆ ಕೋಣೆ ಹೋದರೆ ಮಲಗಲು ನನಗೆ ಬೇರೆ ಜಾಗವಿರಲಿಲ್ಲ. ಮುಂದೆ ನಾನು ಮಾಡಿದ್ದಕ್ಕೆಲ್ಲ ಇದೇ ಕಾರಣ. ನೆಪ ಎಂದರೂ ಸರಿಯೇ.

ದೀಕ್ಷಾಸ್ನಾನವಾದಾಗ ನನಗೆ ರೂತಮ್ಮ ಎಂದು ಹೆಸರಿಟ್ಟರು. ಅದಕ್ಕೂ ಮೊದಲು ದುರಗವ್ವ. ಶಾಲೆಯೊಳಗೆ ರೂತಮ್ಮ, ಗೇಟು ದಾಟಿದರೆ ದುರಗಿ.

ಶಾಲೆಯಲ್ಲಿ ಮೂವತ್ತೆಂಟು ಮಕ್ಕಳಿದ್ದರು. ಹನ್ನೊಂದು ನಮ್ಮ ಮಾದರ ಕೇರಿಯವು. ಉಳಿದವು ಒಕ್ಕಲಿಗರ, ವ್ಯಾಪಾರಸ್ಥರ ಮನೆಯವು, ಎರಡು ಮೂರು ಮುಸಲ್ಮಾನರವು. ಸರ್ಕಾರಿ ಶಾಲೆಯಲ್ಲಿ ಉರ್ದು ಜೋರು ಇದ್ದದ್ದರಿಂದ, ಕನ್ನಡದಲ್ಲಿ ಓದಲು ಬರೆಯಲು ಬರಲಿ ಎಂದು ಊರವರೂ ನಮ್ಮಲ್ಲಿಗೆ ಕಳಿಸುತ್ತಿದ್ದರು. ಕ್ರಿಸ್ತನ ಮೇಲಿನ ಪ್ರೀತಿಗೆ ಯಾರೂ ಕಳಿಸಿದ್ದಲ್ಲ.

ಹೆಡ್ ಟೀಚರ್ ಮರ್ಸಿ ಅಕ್ಕೋರು ರೋಣದ ಕಡೆಯವರು. ವಯಸ್ಸು ಮೂವತ್ತು ದಾಟಿರಲಿಲ್ಲ, ಕೆಮ್ಮು ಮಾತ್ರ ಮುದುಕಿಯದು. ಬಂದ ವರ್ಷವೇ ಎಲ್ಲ ಮಕ್ಕಳನ್ನೂ ಒಂದೇ ಜಮಖಾನದ ಮೇಲೆ ಕೂರಿಸಿದರು. ಸ್ವಲ್ಪ ಗದ್ದಲವಾಗಿ ತಣ್ಣಗಾಯಿತು. ದಸರಾ ಸೂಟಿ ಮುಗಿದ ಮೇಲೆ ಗೋಡೆಗೆ ಒಂದು ಪಾಳಿ ಪಟ್ಟಿ ಅಂಟಿಸಿದರು. ದಿನಕ್ಕೆ ಇಬ್ಬರು ಮಕ್ಕಳು ಗಂಟೆಗೆ ಮುಂಚೆ ಬಂದು ಅಂಗಳ ಗುಡಿಸಬೇಕು. ಜೋಡಿಯನ್ನು ಹಾಜರಿ ಪುಸ್ತಕದ ಸಾಲಿನಂತೆ ಮಾಡಿದ್ದರು. ಹಾಗಾಗಿ ಯಾರ ಜೊತೆಗೆ ಯಾರು ಎಂಬುದಕ್ಕೆ ಜಾತಿಯ ಸಂಬಂಧವಿರಲಿಲ್ಲ. ಅಂಗಳದ ನಡುವೆ ಬೇವಿನ ಮರ. ಮರದಿಂದ ಗೇಟಿನವರೆಗೆ ಒಬ್ಬರದು, ಮರದಿಂದ ಬಾವಿಯವರೆಗೆ ಇನ್ನೊಬ್ಬರದು.

“ಹೊಲಸು ಮಾಡಾವರು ಮೂವತ್ತೆಂಟು ಮಂದಿ, ಬಳಿಯಾಕ ಒಬ್ಬಾಕಿನ ಯಾಕ?” ಎಂದು ಪ್ರಾರ್ಥನೆಯಲ್ಲಿ ಮಕ್ಕಳನ್ನು ಕೇಳಿದರು. “ಪಾಳಿ ತಪ್ಪಿಸಿದವರು ಸಾಲಿಯೊಳಗ ಕುಂದ್ರಂಗಿಲ್ಲ. ಅಷ್ಟ.”

ಆ ಒಬ್ಬಾಕಿ ನಾನು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಖುಷಿಯಾಗಲಿಲ್ಲ. ಮಕ್ಕಳೇ ಗುಡಿಸಿದರೆ ನಾನು ಯಾತಕ್ಕೆ ಬೇಕು?

ಒಂದು ಪಿಂಜಾರರ ಮನೆಗೆ ಪಾಳಿಯ ಸುದ್ದಿ ಹೇಳಲು ಹೋದರೆ, ಹುಡುಗಿಯ ತಾಯಿ ನಕ್ಕಳು. “ಮನ್ಯಾಗ ಕಸಾ ಹೊಡಿ ಅಂದ್ರ ಹಿತ್ತಲಕ ಓಡತಾಳ. ಸಾಲ್ಯಾಗಾರ ಕಲೀಲಿ ಬಿಡ್ರಿ.” ಎಲ್ಲರೂ ಹೀಗಿರಲಿಲ್ಲ. ಅರಳೆ ವ್ಯಾಪಾರದ ಮಲ್ಲೇಶಪ್ಪನವರು ಅಕ್ಕೋರ ಹತ್ತಿರ ಹೋಗದೆ, ನಾನು ಸಂತೆಗೆ ಹೋಗುವಾಗ ದಾರಿಯಲ್ಲಿ ನನ್ನನ್ನು ನಿಲ್ಲಿಸಿದರು. ಅವರ ಮಗ ವೀರೇಶ ಮೂರನೆಯ ತರಗತಿಯಲ್ಲಿದ್ದ.

“ಏ ದುರಗಿ, ನೀ ಜೀವಂತ ಇರೋತನಕ ನನ್ನ ಮಗ ಕಸಬರಿಗಿ ಹಿಡೀಬೇಕೇನ?”

“ಅಕ್ಕೋರು ಹೇಳ್ಯಾರ್ರಿ, ಅಪ್ಪಾರ.”

“ಅಕ್ಕೋರು ಏಳೂದು ಎಷ್ಟೊತ್ತಿಗೆ? ನೀ ಏಳೂದು ಎಷ್ಟೊತ್ತಿಗೆ?”

ಅಷ್ಟೇ ಅಂದರು. ಬೆದರಿಸಲಿಲ್ಲ. ನನಗೆ ತಿಳಿಯಿತು. ಅವರು ಮಗನನ್ನು ಬಿಡಿಸಿದರೆ ಇನ್ನೂ ಹತ್ತು ಮನೆಯವರು ಬಿಡಿಸುತ್ತಾರೆ. ಮಕ್ಕಳು ಕಡಿಮೆಯಾದರೆ ಮಿಷನ್ನಿನವರು ಶಾಲೆ ಮುಚ್ಚುತ್ತಾರೆ. ಮುಚ್ಚಿದರೂ ನನ್ನ ಕೋಣೆ ಹೋಯಿತು, ಮಕ್ಕಳು ಗುಡಿಸುವುದನ್ನು ಕಲಿತರೂ ಹೋಯಿತು.

ಮರುದಿನದಿಂದ ನಸುಕಿನಲ್ಲೇ ಏಳತೊಡಗಿದೆ. ವೀರೇಶನಂಥ ಹುಡುಗರ ಪಾಳಿ ಇದ್ದ ದಿನ ಅವರ ಭಾಗವನ್ನು ನಾನೇ ಗುಡಿಸಿಬಿಡುತ್ತಿದ್ದೆ. ಅವರು ಬಂದು ಕಸಬರಿಗೆಯನ್ನು ಒಮ್ಮೆ ಮುಟ್ಟಿ ಗೋಡೆಗೆ ಆನಿಸಿ ನಿಲ್ಲುತ್ತಿದ್ದರು. ಅಕ್ಕೋರು ಬಂದಾಗ ಅಂಗಳ ಸ್ವಚ್ಛ. ಪಟ್ಟಿಯ ಮೇಲೆ ಗುರುತು ಹಾಕುತ್ತಿದ್ದರು. ಒಮ್ಮೆ ಹೊರಗಿನಿಂದ ಬಂದ ಪಾದ್ರಿಗಳಿಗೆ ಆ ಪಟ್ಟಿ ತೋರಿಸಿ, ನಮ್ಮಲ್ಲಿ ಎಲ್ಲರೂ ಸಮ ಎಂದು ಹೇಳಿದರು. ನಾನು ಆ ಪಾದ್ರಿಗಳಿಗೆ ನೀರು ಕೊಟ್ಟು ಒಳಗೆ ಹೋದೆ.

ಕೇರಿಯ ಮಕ್ಕಳ ಪಾಲನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅವರ ಭಾಗ ಹಾಗೆಯೇ ಇರುತ್ತಿತ್ತು. ಇದನ್ನು ನಾನು ಯೋಚಿಸಿ ಮಾಡಿದ್ದಲ್ಲ. ನಮ್ಮ ಮಕ್ಕಳು ಕಸ ಹೊಡೆದರೆ ಕೇಳುವವರು ಯಾರು? ಅವರ ಪಾಲನ್ನೂ ಗುಡಿಸಬಹುದೆಂಬುದು ನನ್ನ ತಲೆಗೇ ಬರಲಿಲ್ಲ.

ಹೀಗೆ ನಾಲ್ಕು ತಿಂಗಳು ನಡೆಯಿತು. ಶಿವರಾತ್ರಿಯ ಮುಂದೆ ಬೇವು ಎಲೆ ಉದುರಿಸತೊಡಗಿತು. ಸಂಜೆಗೆ ಗುಡಿಸಿದರೆ ಬೆಳಿಗ್ಗೆ ಮತ್ತೆ ಹಣ್ಣೆಲೆಯ ಹಾಸಿಗೆ. ಆ ವಾರ ಒಂದು ದಿನ ವೀರೇಶ ಮತ್ತು ನೀಲವ್ವನ ಜೋಡಿ ಪಾಳಿ ಮತ್ತೆ ಬಂತು. ನೀಲವ್ವ ಕೇರಿಯ ಹುಡುಗಿ, ನನ್ನ ಚಿಕ್ಕಪ್ಪನ ಮಗಳು ಯಲ್ಲವ್ವನ ಮಗಳು. ಒಂಬತ್ತು ವರ್ಷ. ಓದಿನಲ್ಲಿ ಚುರುಕು, ಬಾಯಿ ಅದಕ್ಕಿಂತ ಚುರುಕು. ನಾನು ವೀರೇಶನ ಭಾಗವನ್ನು, ಅಂದರೆ ಗೇಟಿನಿಂದ ಮರದ ಬುಡದವರೆಗೆ ಗುಡಿಸಿ ನಿಲ್ಲಿಸಿದೆ. ಬಾವಿಯ ಕಡೆಯ ಅರ್ಧವನ್ನು ಬಿಟ್ಟೆ.

ನೀಲವ್ವ ಬಂದು ಎರಡೂ ಕಡೆ ನೋಡಿದಳು. ಮೇಲೆ ಮರವನ್ನೂ ನೋಡಿದಳು.

“ದೊಡ್ಡವ್ವಾ, ಬೇವಿನ ಗಿಡ ಕೇರಿ ಹುಡುಗರ ಪಾಲಿಗಷ್ಟ ಉದುರತೈತೇನ?”

“ಬಾಯಿ ಭಾಳ ಆತು ನಿಂದು. ಸುಮ್ನ ಹೊಡಿ.”

ಅವಳು ಕಸಬರಿಗೆ ಕೆಳಗಿಟ್ಟು ಪಡಸಾಲೆಯ ಮೆಟ್ಟಿಲ ಮೇಲೆ ಕುಳಿತಳು. ಹೊತ್ತಾಯಿತು. ನಾನು ಗಂಟೆ ಹೊಡೆದೆ. ಅಕ್ಕೋರು ಬಂದರು. ಅರ್ಧ ಅಂಗಳ ಸ್ವಚ್ಛ, ಅರ್ಧ ಎಲೆ.

“ನಿನ್ನ ಪಾಲು ಯಾಕ ಹೊಡದಿಲ್ಲ?”

ನೀಲವ್ವ ಮಾತಾಡಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಮೂರು ಸಲ ಕೇಳಿದರು. ಆ ನಿಯಮವನ್ನು ಅಕ್ಕೋರು ಮಲ್ಲೇಶಪ್ಪನವರಂಥವರ ಮಕ್ಕಳನ್ನು ನೆನೆದು ಮಾಡಿದ್ದರು, ಸಿಕ್ಕವಳು ಇವಳು. ಒಬ್ಬರಿಗೊಂದು ಇನ್ನೊಬ್ಬರಿಗೊಂದು ಮಾಡಿದರೆ ನಿಯಮಕ್ಕೇನು ಬೆಲೆ? “ಹಂಗಾದ್ರ ಮನಿಗೆ ಹೋಗು. ಹೊಡೀತೀನಿ ಅನ್ನೋದಾದ್ರ ಬಾ” ಎಂದರು. ನೀಲವ್ವ ಪಾಟಿಯನ್ನು ಕಪಾಟಿನಲ್ಲಿಟ್ಟು ಹೋದಳು.

ಕೇರಿಯ ಹುಡುಗಿ ಒಮ್ಮೆ ಮನೆಗೆ ಹೋದರೆ ಮತ್ತೆ ಶಾಲೆಗೆ ಬರುವುದು ಸುಳ್ಳು. ಅದು ಹತ್ತಿ ಬಿಡಿಸುವ ಕಾಲ. ಕೈ ಎಷ್ಟಿದ್ದರೂ ಬೇಕು. ಇದು ನನಗೆ ಗೊತ್ತಿತ್ತು, ಅಕ್ಕೋರಿಗೆ ಗೊತ್ತಿರಲಿಲ್ಲ. ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಆ ದಿನ ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ನೀರು ತುಂಬಿದೆ, ಗಂಟೆ ಹೊಡೆದೆ.

ಮೂರನೆಯ ದಿನ ಸಂಜೆ ಕೇರಿಗೆ ಹೋದೆ. ಯಲ್ಲವ್ವ ರೊಟ್ಟಿ ಬಡಿಯುತ್ತಿದ್ದಳು. “ಛಲೋ ಆತು ಬಿಡಕ್ಕಾ, ಹುಡುಗಿ ಕೈಗೆ ಬಂದ್ಲು. ಎರಡ ದಿನದಾಗ ನನಗಿಂತ ಜಾಸ್ತಿ ಹತ್ತಿ ಬಿಡಿಸ್ಯಾಳ” ಅಂದಳು. ನೀಲವ್ವನ ಬೆರಳ ತುದಿಗಳು ಹತ್ತಿಕಾಯಿಯ ಸಿಪ್ಪೆ ತಾಗಿ ಹರಿದಿದ್ದವು. ನನ್ನನ್ನು ಹೊರಗೆ ಕರೆದು ಮೆಲ್ಲಗೆ ಹೇಳಿದಳು: “ದೊಡ್ಡವ್ವಾ, ನಾ ಯಾರ ಮುಂದೂ ಹೇಳಿಲ್ಲ. ನೀ ಹೆದರಬ್ಯಾಡ.”

ಒಂಬತ್ತು ವರ್ಷದ್ದು ನನಗೆ ಧೈರ್ಯ ಹೇಳಿತು. ಅಲ್ಲಿಂದ ಸೀದಾ ಅಕ್ಕೋರ ಮನೆಗೆ ಹೋದೆ. ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ.

“ಎಷ್ಟು ದಿನದಿಂದ?” ಎಂದರು.

“ದಸರಾದಿಂದ್ರಿ. ಮಕ್ಕಳು ಹೊಡದ್ರ ನನ್ನ ಕೆಲಸ ಹೋಗತೈತಿ ಅಂತ.”

“ನಿನ್ನ ಕೆಲಸ ಹೋಗತೈತಿ ಅಂತ ಯಾರು ಅಂದ್ರು? ನನ್ನ ಒಂದ್ ಮಾತು ಕೇಳಬೇಕಿಲ್ಲ?”

ನನಗೆ ಸಿಟ್ಟು ಬಂತು. ಹೇಗೂ ಕೋಣೆ ಹೋಗುತ್ತದೆ ಎಂದುಕೊಂಡಿದ್ದರಿಂದ ಬಾಯಿ ಬಿಟ್ಟೆ. “ನೀವು ನನ್ನ ಕೇಳಿದ್ರೇನ್ರಿ? ನಾ ಹಿಡಿಯೋ ಕಸಬರಿಗಿ ಮಕ್ಕಳ ಕೈಗೆ ಕೊಟ್ರಿ. ಎಲ್ಲಾರೂ ಸಮ ಅಂದ್ರಿ. ನಾ ಮುಂದ ಏನ ಮಾಡಬೇಕು ಅಂತ ಹೇಳಿದ್ರೇನು?”

ಅಕ್ಕೋರು ಬಹಳ ಹೊತ್ತು ಕೆಮ್ಮಿದರು. “ಕೇಳಲಿಲ್ಲ” ಎಂದರು.

ಮರುದಿನ ಬೆಳಿಗ್ಗೆ ಅಕ್ಕೋರೇ ಕೇರಿಗೆ ಹೋಗಿ, ಯಲ್ಲವ್ವನ ಎದುರಿಗೆ ಆ ಹುಡುಗಿಗೆ ತಪ್ಪಾಯಿತು ಎಂದು ಹೇಳಿ ಕರೆತಂದರು. ಯಲ್ಲವ್ವ ಒಪ್ಪಿದ್ದು ಅರೆಮನಸ್ಸಿನಿಂದ. ನನ್ನ ಕೋಣೆಗೆ ಏನೂ ಆಗಲಿಲ್ಲ. ಮುಂಜಾನೆ ಪಾಳಿಯ ಮಕ್ಕಳ ಜೊತೆಗೆ ನಿಂತು, ಗುಡಿಸುವುದು ಹೇಗೆಂದು ತೋರಿಸುವ ಕೆಲಸ ಕೊಟ್ಟರು. ತಪ್ಪಿದ ಪಾಳಿಯನ್ನು ಮತ್ತೆ ಆ ಜೋಡಿಗೇ ಹಾಕಿದರು.

ಆ ದಿನ ನಾನು ಒಂದು ಎಲೆಯನ್ನೂ ಮುಟ್ಟಲಿಲ್ಲ. ವೀರೇಶ ಗುಡಿಸದ ಅಂಗಳ ನೋಡಿ ಕಂಗಾಲಾದ. ಕಸಬರಿಗೆಯನ್ನು ತಲೆಕೆಳಗೆ ಹಿಡಿದ. ನೀಲವ್ವ ನಕ್ಕು, “ಅದು ಬುಡ ಐತಿ, ಸಾಹುಕಾರ. ತಿರುವಿ ಹಿಡಿ” ಎಂದಳು. ಅವನೂ ನಕ್ಕ. ಇಬ್ಬರೂ ಧೂಳೆಬ್ಬಿಸಿ ಗುಡಿಸಿದರು. ಚೆನ್ನಾಗೇನೂ ಗುಡಿಸಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮಲ್ಲೇಶಪ್ಪನವರು ಗೇಟಿಗೆ ಬಂದು ಮಗನ ಕೈ ಹಿಡಿದರು. ಅವರ ಹಿಂದೆ ಆ ವಾರ ಇನ್ನೂ ಆರು ಮಕ್ಕಳು ಹೋದರು. ಮೂವತ್ತೊಂದು ಉಳಿದವು. ಶಾಲೆ ಮುಚ್ಚಲಿಲ್ಲ, ಬೆಳೆಯಲೂ ಇಲ್ಲ. ನೀಲವ್ವ ನಾಲ್ಕನೆಯ ತರಗತಿ ಮುಗಿಸಿದಳು. ಆಮೇಲೆ ಮದುವೆ ಮಾಡಿದರು.

ನನ್ನ ಕೆಲಸ ಕಲಿಸಿದ್ದು ಏನು ಎಂದರೆ, ಶಾಲೆಯಲ್ಲಿ ಸಮಾನತೆ ಕಲಿಸುವವರು ಮೊದಲು ಅಲ್ಲಿ ಕಸ ಹೊಡೆಯುವವಳನ್ನು ಕೂರಿಸಿಕೊಂಡು ಕೇಳಬೇಕು. ಅವಳು ಹೆದರಿಕೊಂಡಿದ್ದರೆ ಉಳಿದದ್ದೆಲ್ಲ ಗೋಡೆಯ ಮೇಲಿನ ಕಾಗದ. ಇನ್ನೊಂದು ಪಾಠ ನನ್ನ ಪಾಲಿಗೆ. ಮಲ್ಲೇಶಪ್ಪನವರು ಮಗನನ್ನು ಕರೆದುಕೊಂಡು ಹೋಗುವಾಗ, “ಯಾಕ ದುರಗಿ, ಇವತ್ತ ನಿನಗ ಏಳಾಕ ಆಗಲಿಲ್ಲೇನ?” ಎಂದು ಕೇಳಿದರು.

“ಎದ್ದಿದ್ದೆ ರೀ,” ಎಂದೆ. “ಹೊಡೀಲಿಲ್ಲ.”

ಈ ಎರಡು ಮಾತು ಆಡಲು ನನಗೆ ನಾಲ್ಕು ತಿಂಗಳು ಹಿಡಿಯಿತು.