ಸರ್ಕಾರಿ ಮಚ್ಚೆ

ಕೇಳ್ರಪ್ಪಾ, ಇವತ್ತು ಸಿಂಧನೂರಿನ ನಮ್ಮ ದವಾಖಾನೆಯಲ್ಲಿ ಒಂದು ಮಚ್ಚೆಗಾಗಿ ದೊಡ್ಡ ಗಲಾಟೆಯೇ ನಡೆಯಿತು. ನಾನು ಅಲ್ಲಿನ ಕಂಪೌಂಡರ್, ಎಲ್ಲಕ್ಕೂ ಸಾಕ್ಷಿ.

ಮುಕ್ಕುಂದದ ಅಮರಪ್ಪ ಕಾಲುವೆಯ ತೂಬು ಏರಿಸಿ ಇಳಿಸುವ ಸರ್ಕಾರಿ ನೌಕರ. ಮೂವತ್ತು ವರ್ಷ ಬಿಸಿಲಲ್ಲೇ ದುಡಿದವರು. ಕೆನ್ನೆಯ ಮಚ್ಚೆ ಈ ವರ್ಷ ದೊಡ್ಡದಾಗಿದೆ, ಗಡ್ಡ ಬೋಳಿಸುವಾಗ ರಕ್ತ ಬರುತ್ತದೆ ಎಂದು ಹೆಂಡತಿ ಶರಣಮ್ಮ ಎಳೆದುಕೊಂಡು ಬಂದಿದ್ದರು.

ಡಾಕ್ಟರು ನೋಡಿ, "ಇದನ್ನ ತೆಗೆದು, ಕ್ಯಾನ್ಸರ್ ಐತೇನು ಅಂತ ಪರೀಕ್ಷೆಗೆ ಕಳಿಸಬೇಕ್ರಿ" ಎಂದರು.

ಅಮರಪ್ಪ ಕೆನ್ನೆ ಮುಚ್ಚಿಕೊಂಡರು. "ಮುಟ್ಟಬ್ಯಾಡ್ರಿ ಸಾಹೇಬ್ರ, ಇದು ಸರ್ಕಾರದ್ದೈತಿ! ಎಡಗಲ್ಲದ ಮ್ಯಾಲ ಕರಿ ಮಚ್ಚಿ ಅಂತ ಸರ್ವಿಸ್ ಬುಕ್ಕಿನ್ಯಾಗ ಗುರುತು ಬರದಾರ. ನಾಳೆ ಪಿಂಚಣಿ ಕೇಳಾಕ ಹೋದ್ರ, ನೀ ಅಮರಪ್ಪನ ಅಲ್ಲ ಅಂತಾರ!"

"ನೀವೇ ಉಳೀಲಿಲ್ಲಂದ್ರ ಪಿಂಚಣಿ ಯಾರಿಗ್ರಿ?" ಎಂದರು ಡಾಕ್ಟರು.

"ನನಗ ಬರ್ತೈತ್ರಿ" ಎಂದರು ಶರಣಮ್ಮ, ತಣ್ಣಗೆ.

ಅಮರಪ್ಪ ಹೆಂಡತಿಯ ಮುಖವನ್ನೊಮ್ಮೆ ನೋಡಿದರು. ಆಮೇಲೆ ತಾವೇ ಹೋಗಿ ಟೇಬಲ್ ಮೇಲೆ ಮಲಗಿದರು. "ತೆಗೀರಿ ಸಾಹೇಬ್ರ."

ಮೂರು ಹೊಲಿಗೆ ಬಿದ್ದವು. ಮಚ್ಚೆಯಿದ್ದ ಕಡೆ ಈಗ ಹೊಲಿಗೆ ಗುರುತಿದೆ, ಮನುಷ್ಯ ಮಾತ್ರ ಇವರೇ ಎಂದು ಡಾಕ್ಟರು ಚೀಟಿಯನ್ನೂ ಬರೆದುಕೊಟ್ಟು, ಎದುರಿನ ಎಸ್‌ಟಿಡಿ ಬೂತಿನಿಂದ ಪರೀಕ್ಷೆ ಮಾಡುವ ರಾಯಚೂರಿನ ಲ್ಯಾಬಿಗೆ ಫೋನ್ ಮಾಡಿ ಬಂದರು. ನಾನು ಮಚ್ಚೆಯ ಶೀಶೆಗೆ ಹೆಸರಿನ ಚೀಟಿ ಅಂಟಿಸುವಾಗ ಅಮರಪ್ಪ ಬಗ್ಗಿ ನೋಡಿ, "ನನ್ನ ಹುದ್ದೇನೂ ಬರೀಪಾ" ಎಂದರು. ಬರೆದೆ.

ಮೂವತ್ತು ವರ್ಷದ ನೌಕರಿಯಲ್ಲಿ ಅವರು ಹತ್ತಿರದ ಸಾಲಗುಂದ ಊರು ದಾಟಿ ಡ್ಯೂಟಿಗೆ ಹೋದವರಲ್ಲ. ಅವರ ಮಚ್ಚೆ ಮಾತ್ರ ಇವತ್ತು ಸಂಜೆಯ ಬಸ್ಸಿನಲ್ಲಿ, ಹುದ್ದೆ ಸಮೇತ, ರಾಯಚೂರಿಗೆ ಹೊರಟಿತು.