ಶನಿವಾರದ ಬೆಡ್‌ಶೀಟುಗಳು

ಎಂಬತ್ತರ ದಶಕದ ಒಂದು ಬೇಸಿಗೆ ರಜೆಯಲ್ಲಿ ಜಯನಗರದ ನಮ್ಮ ಮಹಡಿಯನ್ನು ಎರಡು ತಿಂಗಳಿಗೆ ಒಂದು ಕುಟುಂಬಕ್ಕೆ ಬಾಡಿಗೆಗೆ ಕೊಟ್ಟಿದ್ದೆವು. ಪ್ರತಿ ಶನಿವಾರ ಗುಡಿಸಿ ಒರೆಸಿ, ಒಗೆದ ಬೆಡ್‌ಶೀಟ್ ಹಾಸಿಕೊಡುವುದಾಗಿ ಅಮ್ಮ ಮಾತು ಕೊಟ್ಟಿದ್ದಳು. ಒಂದು ಜೊತೆ ಒಗೆಯಲು ಬಂದಾಗ ಇನ್ನೊಂದು ಜೊತೆ ಬೇಕಲ್ಲ ಎಂದು ನಮ್ಮ ಬೆಡ್‌ಶೀಟುಗಳೂ ಮೇಲೆ ಹೋದವು. ನಾವು ಚಾಪೆಯ ಮೇಲೆ ಮಲಗತೊಡಗಿದೆವು.

ಮೂರನೆಯ ಶನಿವಾರ ನಾನು ಬದಲಾಯಿಸಲು ಹೋದಾಗ ನೋಡಿದರೆ, ಹಾಸಿದ ಬೆಡ್‌ಶೀಟಿನಲ್ಲಿ ಇಸ್ತ್ರಿಯ ಗೆರೆಗಳು ಹಾಗೇ ಇದ್ದವು. ಮೂಲೆಯಲ್ಲಿ ನಾಲ್ಕು ಚಾಪೆಗಳನ್ನು ಸುತ್ತಿಟ್ಟಿದ್ದರು.

"ನಿಮ್ಮಮ್ಮ ಅಷ್ಟು ಕಷ್ಟಪಟ್ಟು ಒಗೀತಾರೆ. ಅದರ ಮೇಲೆ ಮಲಗೋಕೆ ಮನಸ್ಸೇ ಬರಲ್ಲಮ್ಮ. ಅವರಿಗೆ ಹೇಳ್ಬೇಡ, ಬೇಜಾರು ಮಾಡ್ಕೋತಾರೆ," ಎಂದರು ಆ ಮನೆಯಾಕೆ.

ಆ ಬೆಡ್‌ಶೀಟುಗಳನ್ನು ತೆಗೆದುಕೊಂಡು ಕೆಳಗೆ ಬಂದು ಅಮ್ಮನಿಗೆ ಹೇಳಿಬಿಟ್ಟೆ.

"ನಮಗೆ ಗೊತ್ತಾಯ್ತು ಅಂತ ತಿಳಿದ್ರೆ ಪಾಪ, ಅವರು ನಾಚ್ಕೋತಾರೆ ಕಣೆ," ಎಂದವಳೇ ಅಮ್ಮ, ಆ ಶುಭ್ರವಾದ ಬೆಡ್‌ಶೀಟುಗಳನ್ನು ಸೋಪಿನ ನೀರಿಗೆ ಹಾಕಿದಳು.